ಕಣ್ಣಿಗೆ ಬಿಟ್ಟ ಹನಿ ಹೋಗುವುದೆಲ್ಲಿಗೆ?

ರಾತ್ರಿ ಹತ್ತು ಗಂಟೆಗೆ ಎರಡೂ ಕಣ್ಣಿಗೆ ಒಂದೊಂದು ಹನಿ ಔಷಧ ಬಿಟ್ಟುಕೊಳ್ಳುವುದು ಆರು ವರ್ಷಗಳಿಂದ ನನ್ನ ಪಾಲಿಗೆ ತಪ್ಪಿಸಲಾಗದ ವ್ರತ. ನನ್ನದು ಗ್ಲಾಕೋಮಾ. ದೃಷ್ಟಿನರವನ್ನು ಸದ್ದಿಲ್ಲದೆ ಸವೆಸುವ ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಕಾಯ್ದುಕೊಳ್ಳಬಹುದು, ಅಷ್ಟೆ. ನನ್ನ ಅಣ್ಣನವರು ‘ನೋವೇ ಇಲ್ಲವಲ್ಲ’ ಎಂದು ಹನಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ಮತ್ತೆ ಆರಂಭಿಸಿದ್ದು ಬಲಗಣ್ಣು ಹೋದ ಮೇಲೆ.

ಸರ್ಕಾರದ ಒಂದು ರೂಪಾಯಿಯಲ್ಲಿ ಬಡವನಿಗೆ ತಲುಪುವುದು 15 ಪೈಸೆ ಮಾತ್ರ ಎಂದು 1985ರಲ್ಲಿ ರಾಜೀವ್ ಗಾಂಧಿ ಹೇಳಿದ್ದರು. ಆಡಳಿತ ಸೇವೆಯಲ್ಲಿ ಆ ಸೋರಿಕೆಯನ್ನು ಕಣ್ಣಾರೆ ಕಂಡವನು ನಾನು. ಆದರೆ ಕಣ್ಣಿನ ಲೆಕ್ಕ ಇನ್ನೂ ಕೆಟ್ಟದ್ದು. ಹನಿಯ ಔಷಧದಲ್ಲಿ ಒಳಸೇರುವುದು ಸಾಮಾನ್ಯವಾಗಿ ಶೇ 5ಕ್ಕಿಂತಲೂ ಕಡಿಮೆ. ಉಳಿದದ್ದು ಕೆನ್ನೆಗೆ ಇಳಿಯುತ್ತದೆ ಇಲ್ಲವೇ ಕಣ್ಣೀರಿನ ನಾಳದ ಮೂಲಕ ಮೂಗು, ಗಂಟಲು ಸೇರುತ್ತದೆ. ಅಲ್ಲಿಂದ ರಕ್ತಕ್ಕೂ ಇಳಿಯುವುದರಿಂದಲೇ ಟಿಮೊಲಾಲ್‌ನಂಥ ಹನಿಯನ್ನು ಆಸ್ತಮಾ ರೋಗಿಗಳಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ.

ಈ ಸೋರಿಕೆಗೆ ವಿಜ್ಞಾನಿಗಳು ಹುಡುಕಿರುವ ಉಪಾಯಗಳಲ್ಲಿ ಒಂದು, ಔಷಧವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ತುಂಬಿ ಕಳುಹಿಸುವುದು. ಕೆಲವು ಬಗೆಯ ಕೊಬ್ಬು ನೀರಿನಲ್ಲಿ ತಾನಾಗಿಯೇ ಎರಡು ಪದರದ ಚೀಲವಾಗುತ್ತದೆ ಎಂಬುದನ್ನು 1960ರ ದಶಕದಲ್ಲಿ ಕೇಂಬ್ರಿಜ್ ಬಳಿಯ ಬಾಬ್ರಹಾಂನಲ್ಲಿ ಅಲೆಕ್ ಬ್ಯಾಂಗಮ್ ತೋರಿಸಿಕೊಟ್ಟರು. ಇದೇ ಲೈಪೊಸೋಮ್. ನೀರಿನಲ್ಲಿ ಕರಗುವ ಔಷಧ ಚೀಲದೊಳಗೆ, ಕೊಬ್ಬಿನಲ್ಲಿ ಕರಗುವುದು ಅದರ ಗೋಡೆಯೊಳಗೆ. ಚೀಲಕ್ಕೆ ಧನ ವಿದ್ಯುದಂಶವಿದ್ದರೆ ಋಣ ವಿದ್ಯುದಂಶವಿರುವ ಕಣ್ಣಿನ ಮೇಲ್ಮೈಗೆ ಅಂಟಿಕೊಂಡು ಹೆಚ್ಚು ಹೊತ್ತು ನಿಲ್ಲುತ್ತದೆ, ಔಷಧವನ್ನು ನಿಧಾನವಾಗಿ ಬಿಡುತ್ತದೆ. ದುಬಾರಿ ಕೊಬ್ಬಿನ ಬದಲು ಅಗ್ಗದ ರಾಸಾಯನಿಕಗಳಿಂದ ಮಾಡುವ ‘ನಿಯೊಸೋಮ್’ ಇದರ ತಮ್ಮನಿದ್ದಂತೆ.

ಇದು ಬರೀ ಕನಸಲ್ಲ. ಅಕ್ಷಿಪಟಲದ ಕಾಯಿಲೆಯೊಂದಕ್ಕೆ ರಕ್ತನಾಳದ ಮೂಲಕ ಕೊಡುವ ಲೈಪೊಸೋಮ್ ಔಷಧ ವಿಸುಡೈನ್‌ಗೆ ಅಮೆರಿಕ 2000ದಲ್ಲೇ ಒಪ್ಪಿಗೆ ನೀಡಿತು. ಗ್ಲಾಕೋಮಾದ ಲಟಾನೊಪ್ರೋಸ್ಟ್ ಔಷಧವನ್ನು ಇಂಥ ಚೀಲಗಳಲ್ಲಿ ತುಂಬಿ, ಬಿಳಿಗುಡ್ಡೆಯ ಮೇಲಿನ ತೆಳುಪೊರೆಯಡಿ ಒಮ್ಮೆ ಚುಚ್ಚಿದರೆ ಮೂರು ತಿಂಗಳು ಒತ್ತಡ ತಗ್ಗಿರುತ್ತದೆಂದು ಸಿಂಗಪುರದ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಆದರೆ ಆ ಪ್ರಯೋಗದಲ್ಲಿದ್ದವರು ಆರೇ ರೋಗಿಗಳು. ಕೊಬ್ಬು ಕೆಡುತ್ತದೆ, ಚೀಲ ಸೋರುತ್ತದೆ, ಕ್ರಿಮಿಶುದ್ಧಿಗೆಂದು ಕಾಯಿಸಿದರೆ ಹಾಳಾಗಬಹುದು. ಪ್ರಯೋಗಾಲಯದಿಂದ ಕಾರ್ಖಾನೆಗೆ ಹೋಗುವ ದಾರಿ ದೀರ್ಘ, ದುಬಾರಿ.

ಆ ದಾರಿಯ ಖರ್ಚಿನಲ್ಲಿ ಸರ್ಕಾರ ಪಾಲು ಹಾಕಬೇಕೆಂಬುದು ನನ್ನ ವಾದ. ಮದುರೆಯ ಅರೋಲ್ಯಾಬ್ 1992ರಿಂದ ಕಣ್ಣಿನೊಳಗಿಡುವ ಮಸೂರವನ್ನು ಇಲ್ಲೇ ತಯಾರಿಸತೊಡಗಿದ್ದರಿಂದ, ಶ್ರೀಮಂತರಿಗೆ ಮಾತ್ರ ಎಟುಕುತ್ತಿದ್ದ ವಸ್ತು ಬಡವರ ಶಸ್ತ್ರಚಿಕಿತ್ಸೆಗೂ ಒದಗಿತು. ಔಷಧದ ಬೆಲೆಯನ್ನು ಸೀಸೆಯ ಲೆಕ್ಕದಲ್ಲಿ ಅಳೆಯುವುದು ತಪ್ಪು. ಉಳಿಸಿದ ದೃಷ್ಟಿಯ ಲೆಕ್ಕದಲ್ಲಿ ಅಳೆಯಬೇಕು.

ನನಗಾದರೋ ಮರೆತರೆ ನೆನಪಿಸಲು ಹೆಂಡತಿಯಿದ್ದಾಳೆ. ಹಳ್ಳಿಯ ಒಂಟಿ ಮನೆಯಲ್ಲಿ, ನಡುಗುವ ಕೈಯಲ್ಲಿ ಸೀಸೆ ಹಿಡಿದ ಅಜ್ಜಿಗೆ ಯಾರಿದ್ದಾರೆ? ಮೂರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬಂದುಹೋದರೆ ಸಾಕೆಂಬ ದಿನ ಬರುವುದಾದರೆ, ಅದು ಮೊದಲು ಬರಬೇಕಾದದ್ದು ಆಕೆಗೆ.