ಒಂದು ಎಳೆ, ಮೂವತ್ತೆರಡು ಮನೆ

ಉಡುಪಿಗೆ ಸಮೀಪದ ಕೆಮ್ಮಣ್ಣಿನಲ್ಲಿ ಸುವರ್ಣಾ ನದಿಯ ಮೇಲೆ ಒಂದು ತೂಗುಸೇತುವೆಯುಂಟು. ನದಿಯ ನಡುವಣ ತಿಮ್ಮಣ್ಣಕುದ್ರುವನ್ನು ಅದು ದಡಕ್ಕೆ ಜೋಡಿಸುತ್ತದೆ. ಕುದ್ರುವಿನ ಬೇರೆ ಬೇರೆ ಮನೆಗಳಿಂದ ಹೊರಟವರು ಈ ಕಿರಿದಾದ ಸೇತುವೆಗೆ ಒಮ್ಮೆಗೇ ನುಗ್ಗಿದರೆ ಯಾರೂ ಸುಖವಾಗಿ ದಾಟಲಾರರು. ಒಬ್ಬರ ಹಿಂದೆ ಒಬ್ಬರು ನಡೆದರೆ ಎಲ್ಲರೂ ದಾಟುವರು. ಮನೆಮನೆಗೆ ಇಂಟರ್ನೆಟ್ ತರುವ ಗಾಜಿನ ಎಳೆಯಲ್ಲಿಯೂ ಇಂತಹುದೇ ಒಂದು ಸಮಸ್ಯೆಯಿದೆ.

ಕೂದಲಿನಷ್ಟು ತೆಳುವಾದ ಈ ಎಳೆಗೆ ಆಪ್ಟಿಕಲ್ ಫೈಬರ್ ಎಂದು ಹೆಸರು. ಕೇಂದ್ರದಿಂದ ಮನೆಗೊಂದರಂತೆ ಎಳೆ ಹಾಕುವುದು ದುಬಾರಿಯಾದುದರಿಂದ, ಒಂದೇ ಎಳೆಯನ್ನು ಊರಿನವರೆಗೆ ತಂದು, ಅಲ್ಲಿ ವಿದ್ಯುತ್ತಿನ ಹಂಗಿಲ್ಲದ ಪುಟ್ಟ ಸಾಧನವೊಂದರಿಂದ ಬೆಳಕನ್ನು 32 ಅಥವಾ 64 ಕವಲುಗಳಾಗಿ ಒಡೆಯುತ್ತಾರೆ. ಇದೇ ಜಿಪಾನ್ ವ್ಯವಸ್ಥೆ. ಗ್ರಾಮ ಪಂಚಾಯತಿಗಳನ್ನು ಜೋಡಿಸಲೆಂದು 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಬಳಿಕ ಭಾರತ್‌ನೆಟ್ ಎನಿಸಿದ ಯೋಜನೆಯ ಮೊದಲ ಹಂತದಲ್ಲಿಯೂ ಇದನ್ನೇ ಬಳಸಲಾಯಿತು.

ಕೇಂದ್ರದಿಂದ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರು. ಮನೆಯಿಂದ ಹೋಗುವ ಬೆಳಕಿನದು 1310. ಹೀಗೆ ಬೇರೆಬೇರೆಯಾದ ಕಾರಣ ಅವು ಎದುರುಬದುರಾಗಿ ಸಾಗಿದರೂ ತೊಡಕಿಲ್ಲ. ಬರುವ ಸಂದೇಶಗಳು ಎಲ್ಲ ಮನೆಗಳಿಗೂ ತಲಪುತ್ತವೆ. ತನ್ನ ಗುರುತುಳ್ಳದ್ದನ್ನು ಮಾತ್ರ ಆಯಾ ಮನೆಯ ಪೆಟ್ಟಿಗೆಯು ಆಯ್ದುಕೊಳ್ಳುತ್ತದೆ. ಆದರೆ ಎರಡು ಮನೆಗಳು ಏಕಕಾಲಕ್ಕೆ ಸಂದೇಶ ಕಳುಹಿಸಿದರೆ, ಎರಡೂ ಕಲಸಿಹೋಗಿ ಕೇಂದ್ರಕ್ಕೆ ಏನೂ ತಿಳಿಯದು. ಆದುದರಿಂದ ಸರದಿಯ ಅಗತ್ಯ.

ಸರದಿಯನ್ನು ಗೊತ್ತುಮಾಡುವುದು ಸುಲಭವಲ್ಲ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. 2 ಕಿಲೋಮೀಟರು ದೂರದ ಮನೆಯಿಂದ ಬೆಳಕು ಕೇಂದ್ರವನ್ನು ಸೇರಲು 10 ಮೈಕ್ರೊಸೆಕೆಂಡು ಸಾಕು. 20 ಕಿಲೋಮೀಟರು ದೂರದ ಮನೆಯಿಂದ 100 ಬೇಕು. ಇಡೀ ಸರದಿಯ ಒಂದು ಸುತ್ತಾದರೋ ಕೇವಲ 125 ಮೈಕ್ರೊಸೆಕೆಂಡು! ಆದಕಾರಣ ಕೇಂದ್ರವು ಮೊದಲೇ ಪ್ರತಿ ಮನೆಯ ದೂರವನ್ನು ಅಳೆದು, ಹತ್ತಿರದವರು ಎಷ್ಟು ಕಾಯಬೇಕೆಂದು ವಿಧಿಸುತ್ತದೆ.

ಇನ್ನು ಯಾರಿಗೆ ಎಷ್ಟು? ಮನೆಗಳಿಂದ ಕೇಂದ್ರದತ್ತ ಸೆಕೆಂಡಿಗೆ ಒಟ್ಟು ಸುಮಾರು 1,244 ಮೆಗಾಬಿಟ್ ಸಾಗಬಲ್ಲದು. 32 ಮನೆಗಳಿಗೆ ಸಮನಾಗಿ ಹಂಚಿದರೆ ತಲಾ 38ಕ್ಕಿಂತ ತುಸು ಹೆಚ್ಚು. ನ್ಯಾಯವೆಂದೇ ತೋರುತ್ತದೆ. ಆದರೆ ನಾಲ್ಕೇ ಮನೆಗಳಿಗೆ ಕೆಲಸವಿರುವಾಗ ಉಳಿದ 28 ಪಾಲುಗಳು ಬರಿದೇ ವ್ಯರ್ಥವಾಗುವುವು. ಕೇಳಿದವರಿಗೆಲ್ಲ ಕೇಳಿದಷ್ಟು ಕೊಟ್ಟರೋ, ಹೆಚ್ಚು ಕೇಳುವವನೇ ಎಲ್ಲವನ್ನೂ ಕಬಳಿಸುವನು.

ಇವೆರಡರ ನಡುವಣ ಮಾರ್ಗವೇ ಬ್ಯಾಂಡ್‌ವಿಡ್ತಿನ ಚಲನಶೀಲ ಹಂಚಿಕೆ. ಕಳುಹಿಸಲು ಎಷ್ಟು ಉಳಿದಿದೆಯೆಂದು ಪ್ರತಿ ಪೆಟ್ಟಿಗೆಯೂ ಕೇಂದ್ರಕ್ಕೆ ವರದಿ ಮಾಡುತ್ತದೆ. ಕೇಂದ್ರವು ಮೊದಲು ಖಾತರಿಯ ಪಾಲುಗಳನ್ನು ತೆಗೆದಿಟ್ಟು, ಉಳಿದುದನ್ನು ಬೇಕಾದವರಿಗೆ ಹಂಚುತ್ತದೆ. ವರದಿ ಹೋಗಿ ಅನುಮತಿ ಬರುವಷ್ಟರಲ್ಲಿ ಕೊಂಚ ವಿಳಂಬವಾಗುವುದರಿಂದ, ತಡವನ್ನು ಸಹಿಸದ ದೂರವಾಣಿಯ ಮಾತಿಗೆ ಕೇಳದೆಯೇ ಸ್ಥಿರವಾದ ಪಾಲನ್ನು ಮೀಸಲಿಡಬಹುದು.

ಮಳೆಗಾಲದ ರಾತ್ರಿ ಹಳ್ಳಿಯ ರೋಗಿಯೊಬ್ಬನು ಮಣಿಪಾಲದ ವೈದ್ಯರಿಗೆ ಕ್ಯಾಮರಾದ ಮೂಲಕ ತನ್ನ ಗಾಯವನ್ನು ತೋರಿಸುತ್ತಿರುವನೆಂದು ಊಹಿಸಿ. ಅದೇ ಹೊತ್ತಿಗೆ ನೆರೆಮನೆಯವರು ಮದುವೆಯ ಚಿತ್ರಗಳನ್ನೆಲ್ಲ ದೂರದೂರಿಗೆ ರವಾನಿಸುತ್ತಿದ್ದಾರೆ. ಚಿತ್ರಗಳು ಕ್ಷಣಕಾಲ ತಡೆದರೆ ನಷ್ಟವಿಲ್ಲ. ವೈದ್ಯರ ಕಣ್ಣೆದುರಿನ ದೃಶ್ಯ ಕಡಿದರೆ ನಷ್ಟವಿದೆ. ರೋಗಿಯ ಮನೆಗೆ ಖಾತರಿಯ ಪಾಲು ಸಾಕಷ್ಟಿದ್ದರೆ ನೆರೆಯವರ ಭರಾಟೆ ಅದನ್ನು ಕಸಿಯಲಾರದು. ಸೆಕೆಂಡಿಗೆ 8,000 ಸುತ್ತುಗಳ ಸರದಿಯನ್ನು ಯಂತ್ರವೇ ನಡೆಸುತ್ತದೆ. ಆದರೆ ಯಾರಿಗೆ ಎಷ್ಟು ಖಾತರಿ ಎಂಬುದನ್ನು ಅದಕ್ಕೆ ಮೊದಲೇ ಹೇಳಿಕೊಡಬೇಕಾದವರು ಮನುಷ್ಯರು.