‘ಎಲ್ಲ ಚೆನ್ನಾಗಿದೆ’ ಎನ್ನುವ ಮಾತಿನ ಹಿಂದೆ

ಮೂವತ್ತರ ಆಸುಪಾಸಿನ ಆ ಮಹಿಳೆ ಬಂದಾಗ ಕೈಯಲ್ಲಿ ದಪ್ಪದ ಫೈಲು ಇತ್ತು. ಇಸಿಜಿ, ಎಂಡೋಸ್ಕೋಪಿ, ತಲೆಯ ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲವೂ ನಾರ್ಮಲ್. “ಎದೆ ಬಿಗಿಯುತ್ತದೆ, ತಲೆ ಸಿಡಿಯುತ್ತದೆ, ನಿದ್ದೆ ಬರುವುದಿಲ್ಲ. ಡಾಕ್ಟರು ಏನೂ ಇಲ್ಲ ಅನ್ನುತ್ತಾರೆ. ಮನೆಯವರು ನಾಟಕ ಅಂದುಕೊಂಡಿದ್ದಾರೆ” ಎಂದರು.

ಗಂಡ ಗಲ್ಫ್‌ನಲ್ಲಿ. ಎರಡು ವರ್ಷಕ್ಕೊಮ್ಮೆ ರಜೆ. ದಿನವೂ ವೀಡಿಯೋ ಕಾಲ್ ಇದೆ. ಏನು ಮಾತಾಡುತ್ತೀರಿ ಎಂದು ಕೇಳಿದೆ. “ಊಟ ಆಯ್ತಾ, ಮಕ್ಕಳು ಮಲಗಿದರಾ, ಹಣ ಬಂತಾ, ಅಷ್ಟೇ. ಅವರು ಅಲ್ಲಿ ಬಿಸಿಲಲ್ಲಿ ದುಡಿಯುವಾಗ ನಾನು ಅಳುತ್ತಾ ಕೂತರೆ ಹೇಗೆ? ಎಲ್ಲ ಚೆನ್ನಾಗಿದೆ ಅನ್ನುತ್ತೇನೆ.”

ಅವರ ಒಪ್ಪಿಗೆ ಪಡೆದು ಒಂದು ದಿನ ಗಂಡನನ್ನೂ ಫೋನಿನಲ್ಲಿ ಮಾತಿಗೆ ಸೇರಿಸಿಕೊಂಡೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರು ತಿಂಗಳಿಂದ ಸಂಬಳ ಸರಿಯಾಗಿ ಬಂದಿಲ್ಲ. ಸಾಲ ಮಾಡಿ ಕಳಿಸುತ್ತಿದ್ದೇನೆ. ನೀನು ಹೆದರುತ್ತೀ ಅಂತ ಹೇಳಲಿಲ್ಲ” ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಂಟಿಯಾಗಿದ್ದರು.

ನೋವು ನಾಟಕವಲ್ಲ

ಭಯ ಅಥವಾ ಚಿಂತೆ ಆದಾಗ ದೇಹ ಅಪಾಯ ಎದುರಿಸಲು ಸಿದ್ಧವಾಗುತ್ತದೆ. ಅಡ್ರಿನಾಲಿನ್, ಕಾರ್ಟಿಸೋಲ್ ಹಾರ್ಮೋನುಗಳು ಹೆಚ್ಚುತ್ತವೆ. ಎದೆಬಡಿತ ಜೋರಾಗುತ್ತದೆ, ಕುತ್ತಿಗೆ ಮತ್ತು ಭುಜದ ಸ್ನಾಯುಗಳು ಬಿಗಿಯಾಗುತ್ತವೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಅಪಾಯ ಕಳೆದರೆ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಚಿಂತೆ ತಿಂಗಳುಗಟ್ಟಲೆ ಇದ್ದರೆ ಆ ಬಿಗಿತವೇ ತಲೆನೋವು, ಹೊಟ್ಟೆಯುರಿ, ನಿದ್ರಾಹೀನತೆಯಾಗಿ ಉಳಿಯುತ್ತದೆ. ಸ್ಕ್ಯಾನಿನಲ್ಲಿ ಕಾಣದಿದ್ದರೂ ನೋವು ನಿಜ. ಹತ್ತನೇ ಶತಮಾನದಲ್ಲಿಯೇ ಅಬೂ ಝೈದ್ ಅಲ್‌ಬಲ್ಖಿ ಎಂಬ ವಿದ್ವಾಂಸ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿದ್ದರು.

ಹಾಗೆಂದು ಎಲ್ಲ ನೋವನ್ನೂ ಮನಸ್ಸಿನದ್ದೆಂದು ತಳ್ಳಿಹಾಕಬೇಡಿ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆಯಿಂದಲೂ ಸುಸ್ತು, ಬೇಸರ ಬರುತ್ತದೆ. ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ.

ಕೇಳುವುದು ಹೇಗೆ?

ಮನೆಯಲ್ಲಿ ಯಾರಾದರೂ ದುಃಖ ಹೇಳಿಕೊಂಡರೆ ನಾವು ತಕ್ಷಣ ಬುದ್ಧಿ ಹೇಳುತ್ತೇವೆ. “ಇದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ”, “ಸಬರ್ ಮಾಡು” ಎನ್ನುತ್ತೇವೆ. ಸಬರ್ ದೊಡ್ಡ ಗುಣ. ಆದರೆ ಅದನ್ನು ಇನ್ನೊಬ್ಬರ ಬಾಯಿ ಮುಚ್ಚಿಸಲು ಬಳಸಿದರೆ ಅವರು ಮತ್ತೆ ಹೇಳುವುದಿಲ್ಲ, ಅಷ್ಟೆ.

• ಐದು ನಿಮಿಷ ಮಧ್ಯೆ ಬಾಯಿ ಹಾಕದೆ ಕೇಳಿ. ಮೊಬೈಲ್ ಪಕ್ಕಕ್ಕಿಡಿ.
• ಪರಿಹಾರ ಹೇಳುವ ಮುನ್ನ, “ನಿನಗೆ ಕಷ್ಟವಾಗಿದೆ” ಎಂದು ಒಪ್ಪಿಕೊಳ್ಳಿ.
• “ಒಂಥರಾ ಆಗುತ್ತದೆ” ಎನ್ನುವವರಿಗೆ ಅದು ಭಯವೋ, ಸಿಟ್ಟೋ, ಒಂಟಿತನವೋ ಎಂದು ಗುರುತಿಸಲು ನೆರವಾಗಿ. ಭಾವನೆಗೆ ಹೆಸರಿಟ್ಟಾಗ ಅದರ ತೀವ್ರತೆ ಎಷ್ಟೋ ಸಲ ತಗ್ಗುತ್ತದೆ.
• ಕೇಳಿದ್ದನ್ನು ನಾದಿನಿಗೆ, ನೆರೆಮನೆಗೆ ದಾಟಿಸಬೇಡಿ. ಒಮ್ಮೆ ನಂಬಿಕೆ ಹೋದರೆ ಬಾಗಿಲು ಮುಚ್ಚಿದಂತೆ.

ಯಾವಾಗ ನೆರವು ಬೇಕು?

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಅಥವಾ ಹಸಿವಿನಲ್ಲಿ ವ್ಯತ್ಯಾಸ, ತಾನು ನಿಷ್ಪ್ರಯೋಜಕ ಎಂಬ ಭಾವ ಇದ್ದರೆ ಖಿನ್ನತೆ ಇರಬಹುದು. ಬದುಕು ಸಾಕು ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತನಾಡಬಹುದು. ಖಿನ್ನತೆಗೆ ಚಿಕಿತ್ಸೆ ಪಡೆಯುವುದು ಈಮಾನಿನ ಕೊರತೆಯಲ್ಲ. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಂಡಷ್ಟೇ ಸಹಜ.

ಆ ದಂಪತಿ ಈಗ ವಾರಕ್ಕೊಂದು ದಿನ ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ಮಾತಾಡುತ್ತಾರೆ. ಅಂದು ‘ಎಲ್ಲ ಚೆನ್ನಾಗಿದೆ’ ಎನ್ನುವಂತಿಲ್ಲ ಎಂಬುದು ಅವರೇ ಮಾಡಿಕೊಂಡ ನಿಯಮ. ಸಾಲ ತೀರಿಲ್ಲ, ತಲೆನೋವೂ ಪೂರ್ತಿ ಹೋಗಿಲ್ಲ. “ಆದರೆ ರಾತ್ರಿ ನಿದ್ದೆ ಬರುತ್ತದೆ” ಎಂದು ಆಕೆ ಕಳೆದ ಬಾರಿ ಹೇಳಿದರು. ಫೈಲು ತಂದಿರಲಿಲ್ಲ.