ಬೀಜ ಬಿತ್ತೋ ಮಿಶ್ರಣ ಮನೆಯಲ್ಲೇ ಮಾಡ್ಕೊಳ್ಳಿ: ನನ್ನ ಹತ್ತು ಟ್ರೇ ಕಲಿಸಿದ ಪಾಠ

ತಲಘಟ್ಟಪುರದಲ್ಲಿ ನಮಗೆ ಉಳಿದಿರೋದು ಅರ್ಧ ಎಕರೆಗೂ ಕಡಿಮೆ ಜಮೀನು. ಸುತ್ತ ಲೇಔಟು, ಆ ಕಡೆ ಕನಕಪುರ ರಸ್ತೆ, ಅದರ ಮೇಲೆ ಮೆಟ್ರೋ. ಇಷ್ಟು ಜಾಗದಲ್ಲಿ ತರಕಾರಿ ಬೆಳೆದು ನಾಲ್ಕು ಕಾಸು ನೋಡಬೇಕು ಅಂದ್ರೆ ಒಂದು ಸಸಿನೂ ದಂಡ ಆಗಬಾರದು. ಆದ್ರೆ ಮೊದಲ ಸಲ ನಾನೇ ಟೊಮ್ಯಾಟೊ ಬೀಜ ಹಾಕಿದಾಗ ಹತ್ತು ಟ್ರೇಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಸಿ ಹೋಯ್ತು.

ನಾನು ತುಂಬಿದ್ದು ಹೊಲದ ಕೆಂಪು ಮಣ್ಣು ಅರ್ಧ, ತಿಪ್ಪೆ ಗೊಬ್ಬರ ಅರ್ಧ. ಗೊಬ್ಬರ ಜಾಸ್ತಿ ಇದ್ರೆ ಸಸಿ ಜೋರಾಗಿ ಬರುತ್ತೆ ಅನ್ನೋ ಲೆಕ್ಕ. ಮೊಳಕೆ ಬಂತು, ಒಂದು ವಾರ ಚೆನ್ನಾಗೇ ಇತ್ತು. ಆಮೇಲೆ ಬುಡದಲ್ಲಿ ಕಾಂಡ ದಾರದ ಹಾಗೆ ತೆಳ್ಳಗಾಗಿ, ಸಸಿಗಳು ಒಂದೊಂದಾಗಿ ಮಲಗಿದವು. ಅಜ್ಜಿ ನೋಡಿ ಒಂದೇ ಮಾತು ಹೇಳಿದ್ರು: "ಹುಟ್ಟಿದ ದಿನಾನೇ ಮಗೀಗೆ ಮುದ್ದೆ ತಿನ್ನುಸ್ತಾರೇನ್ಲಾ?"

ತಪ್ಪು ಎಲ್ಲಾಯ್ತು?

ಬೀಜ ತನ್ನ ಮೊದಲ ದಿನಗಳ ಊಟ ತಾನೇ ತಂದಿರುತ್ತೆ. ಆಗ ಅದಕ್ಕೆ ಬೇಕಾಗಿರೋದು ತೇವ, ಗಾಳಿ, ಚೊಕ್ಕಟವಾದ ಜಾಗ. ಗೊಬ್ಬರದ ಸರದಿ ಆಮೇಲೆ. ನಮ್ಮ ಕೆಂಪು ಮಣ್ಣು ಹೊಲದಲ್ಲಿ ಒಳ್ಳೇದೇ, ಆದ್ರೆ ಟ್ರೇಯ ಸಣ್ಣ ಗುಳಿಯಲ್ಲಿ ನಾಲ್ಕು ಸಲ ನೀರು ಬಿದ್ದರೆ ಗಟ್ಟಿ ಆಗಿ ಗಾಳಿ ಆಡಲ್ಲ. ಪೂರ್ತಿ ಕಳಿಯದ ಗೊಬ್ಬರ ಅಮೋನಿಯಾ ಬಿಟ್ಟು ಎಳೆ ಬೇರನ್ನ ಸುಡುತ್ತೆ. ಜೊತೆಗೆ ಮಣ್ಣಲ್ಲಿರೋ ಪಿಥಿಯಂ, ರೈಜೋಕ್ಟೋನಿಯಾ ಥರದ ರೋಗಾಣುಗಳು ಬುಡ ಕೊಳೆಸ್ತವೆ. ಡ್ಯಾಂಪಿಂಗ್ ಆಫ್ ಅಂತಾರಲ್ಲ, ಅದೇ ಇದು. ಸಸಿ ಮಲಗಿದ ಮೇಲೆ ಏನು ಸಿಂಪಡಿಸಿದ್ರೂ ಅದು ಏಳಲ್ಲ.

ಮಿಶ್ರಣದ ಅಳತೆ

10 ಲೀಟರ್ ಬಕೆಟ್ ಒಂದು ಇಟ್ಕೊಳ್ಳಿ. ತೂಕ ಬೇಡ, ಬಕೆಟ್ ಲೆಕ್ಕ ಸಾಕು.

- ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ): 3 ಬಕೆಟ್
- ಜರಡಿ ಹಿಡಿದ ಎರೆಗೊಬ್ಬರ: 1 ಬಕೆಟ್
- ಸುಟ್ಟು ಕರಿ ಮಾಡಿದ ಭತ್ತದ ಹೊಟ್ಟು ಅಥವಾ ತೊಳೆದ ದಪ್ಪ ಮರಳು: 1 ಬಕೆಟ್

98 ಗುಳಿಯ ಒಂದು ಟ್ರೇಗೆ ಸುಮಾರು 3 ಲೀಟರ್ ಬೇಕು. ಕಲಸಿದ ಮೇಲೆ ಸ್ವಲ್ಪ ಕುಗ್ಗಿದ್ರೂ ಇದ್ರಲ್ಲಿ 15 ಟ್ರೇ ತುಂಬುತ್ತೆ, ಅಂದ್ರೆ 1,470 ಗುಳಿ. ಮೂರಡಿ, ಎರಡಡಿ ಅಂತರದಲ್ಲಿ ನೆಟ್ಟರೆ ಹತ್ತಿರ ಹತ್ತಿರ 8 ಗುಂಟೆಗೆ ಆಗುತ್ತೆ.

ಮಾಡೋ ಕ್ರಮ

1. ಕೋಕೋಪೀಟ್ ತೊಳೀರಿ. ಇದರಲ್ಲಿ ಉಪ್ಪಿನ ಅಂಶ ಇರುತ್ತೆ. 5 ಕೆಜಿ ಇಟ್ಟಿಗೆಗೆ 20–25 ಲೀಟರ್ ನೀರು ಹಾಕಿ ಉಬ್ಬಿಸಿ. ಆಮೇಲೆ ಗೋಣಿಚೀಲಕ್ಕೆ ಹಾಕಿ, ಮೇಲಿಂದ ನೀರು ಬಿಟ್ಟು ಬಸೀರಿ. ಹೀಗೆ ಮೂರು ಸಲ. ಬೋರ್ ನೀರು ಉಪ್ಪಾಗಿದ್ರೆ ಕೊನೇ ಸಲ ಮಳೆನೀರು ಬಳಸಿ.

2. ಎರೆಗೊಬ್ಬರ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಬಂದ್ರೆ ಇನ್ನೂ ಕಳಿತಿಲ್ಲ ಅಂತ. ನಮ್ಮೂರಲ್ಲೇ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ರಾಮನಗರ, ಕನಕಪುರ ಕಡೆ ಹುಳ ಸಾಕೋರು ಬೇಕಾದಷ್ಟು ಜನ. ಅವರಲ್ಲಿ ಸಿಗೋ ಹುಳದ ಹಿಕ್ಕೆ ಗೊಬ್ಬರಕ್ಕೂ ಇದೇ ಮಾತು: ಹಸಿದು ಬೇಡವೇ ಬೇಡ.

3. ಎಂ ಸ್ಯಾಂಡ್ ಹಾಕೋದಾದ್ರೆ ಅದರ ಕಲ್ಲುಪುಡಿ ಹೋಗೋವರೆಗೂ ತೊಳೀರಿ. ಇಲ್ಲಾಂದ್ರೆ ಆ ಪುಡಿ ಸಿಮೆಂಟ್ ಥರ ಕೂತ್ಕೊಳ್ಳುತ್ತೆ.

4. ಎರೆಗೊಬ್ಬರ, ಮರಳು ಸ್ವಲ್ಪ ತೇವ ಮಾಡಿ ಹಂಡೆಯಲ್ಲಿ ಹಬೆಗೆ ಇಡಿ. ಮಧ್ಯೆ ಒಂದು ಆಲೂಗಡ್ಡೆ ಹೂತಿಡಿ. ಅದು ಬೆಂದಿದ್ರೆ ಬಿಸಿ ಒಳಗಿನವರೆಗೂ ಹೋಗಿದೆ ಅಂತ, ಒಲೆ ಆರಿಸಿ. ಬೇಸಿಗೆ ಆದ್ರೆ ಒಲೆ ಬೇಡ: ತೇವ ಮಾಡಿ, ಅರ್ಧ ಅಡಿ ದಪ್ಪ ಹರಡಿ, ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚು ಮಣ್ಣಲ್ಲಿ ಮುಚ್ಚಿ ನಾಲ್ಕು ವಾರ ಬಿಸಿಲಿಗೆ ಬಿಡಿ. ಕಪ್ಪು ಹಾಳೆಯಲ್ಲಿ ಅಷ್ಟು ಕಾವು ಮಣ್ಣಿಗೆ ಇಳಿಯಲ್ಲ.

5. ಪೂರ್ತಿ ಆರಿದ ಮೇಲೆ ಎಲ್ಲ ಕಲಸಿ, ಆಗ ಟ್ರೈಕೋಡರ್ಮಾ ಸೇರಿಸಿ. ಪ್ರಮಾಣ ಪ್ಯಾಕೆಟ್ ಮೇಲೆ ಇರುತ್ತೆ. ಬಹಳ ಜನ ಮೊದಲೇ ಹಾಕಿ ಆಮೇಲೆ ಬೇಯಿಸ್ತಾರೆ. ಹಾಗೆ ಮಾಡಿದ್ರೆ ದುಡ್ಡು ಕೊಟ್ಟು ತಂದ ಜೀವಾಣುನೂ ಬೆಂದು ಹೋಗುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಸಿಕ್ಕರೆ ಅದನ್ನೂ ಇದೇ ಹಂತದಲ್ಲಿ ಹಾಕಿ.

ಮುಷ್ಟಿ ಹಿಡಿದು ನೋಡಿ: ಉಂಡೆ ಆಗಬೇಕು, ಬೆರಳು ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು, ಬೆರಳಿಂದ ಮುಟ್ಟಿದ ತಕ್ಷಣ ಉದುರಬೇಕು.

ಬಿತ್ತೋ ಮುಂಚೆ ರಾಗಿ ಪರೀಕ್ಷೆ

ಇದನ್ನ ಮಾತ್ರ ಬಿಡಬೇಡಿ. ಒಂದು ಲೋಟ ಮಿಶ್ರಣದಲ್ಲಿ 20 ರಾಗಿ ಕಾಳು ಹಾಕಿ. ಇನ್ನೊಂದು 20 ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಐದು ದಿನ ಬಿಟ್ಟು ಎರಡನ್ನೂ ಎಣಿಸಿ. ಬಟ್ಟೆಯಲ್ಲಿ 18 ಮೊಳೆತು ಲೋಟದಲ್ಲಿ 10 ಬಂದ್ರೆ ತಪ್ಪು ಬೀಜದ್ದಲ್ಲ, ಮಿಶ್ರಣದ್ದು. ಒಂದೆರಡು ಕಿತ್ತು ಬೇರು ನೋಡಿ: ಬೆಳ್ಳಗಿರಬೇಕು. ತುದಿ ಕಂದಾಗಿದ್ರೆ ಉಪ್ಪು ಇನ್ನೂ ಇದೆ, ಇಲ್ಲವೇ ಗೊಬ್ಬರ ಹಸಿ ಇದೆ. ಬರದಲ್ಲೂ ಬದುಕೋ ರಾಗಿಯೇ ಒದ್ದಾಡಿದ್ರೆ ಟೊಮ್ಯಾಟೊ ಗತಿ ಏನು? ನೀವು ಹಾಕದೇ ಇರೋ ಗಿಡ ಮೊಳೆತರೆ ಕಳೆ ಬೀಜ ಸತ್ತಿಲ್ಲ ಅಂತ, ಮತ್ತೆ ಹಬೆಗಿಡಿ.

ಐದು ದಿನ ತಡ ಆಯ್ತು ಅನ್ಬೇಡಿ. ಟೊಮ್ಯಾಟೊ ಸಸಿ ನಾಟಿಗೆ ಬರೋಕೆ 25 ದಿನ ಬೇಕು. ಟ್ರೇ ಹೋದ್ರೆ ಬೀಜದ ಜೊತೆ ಆ ದಿನಗಳೂ ಹೋಗ್ತವೆ, ಅಷ್ಟರಲ್ಲಿ ಮಳೆ ಹದವೂ ಕೈ ತಪ್ಪುತ್ತೆ.

ಊಟ ಯಾವಾಗ?

ಮೊದಲು ಬರೋ ಜೋಡಿ ಎಲೆ ಬೀಜದ ಎಲೆ, ಅದನ್ನ ನೋಡಿ ಗೊಬ್ಬರ ಕೊಡಬೇಡಿ. ಆಮೇಲೆ ಟೊಮ್ಯಾಟೊ ಎಲೆಯ ಆಕಾರದಲ್ಲೇ ಎರಡು ಎಲೆ ಬರುತ್ತೆ, ಸುಮಾರು 12ನೇ ದಿನಕ್ಕೆ. ಆಗ ಲೀಟರ್ ನೀರಿಗೆ 2 ಗ್ರಾಂ 19:19:19 ಕರಗಿಸಿ ಕೊಡಿ, 20ನೇ ದಿನಕ್ಕೆ ಇನ್ನೊಂದು ಸಲ. ನೀರು ಬೆಳಗ್ಗೆ ಹೊತ್ತು ಹಾಕಿ. ಸಂಜೆ ಹಾಕಿದ್ರೆ ರಾತ್ರಿಯೆಲ್ಲ ಬುಡ ಒದ್ದೆ ಇದ್ದು ಅದೇ ಕೊಳೆ ರೋಗಕ್ಕೆ ದಾರಿ.

ಈಗಲೂ ಟ್ರೇ ತುಂಬೋವಾಗ ಇನ್ನೊಂದು ಮುಷ್ಟಿ ಗೊಬ್ಬರ ಹಾಕೋಣ ಅಂತ ಕೈ ಹೋಗುತ್ತೆ. ಆಗೆಲ್ಲ ಅಜ್ಜಿ ಮುದ್ದೆ ಮಾತು ನೆನಪಾಗಿ ಕೈ ಹಿಂದಕ್ಕೆ ತಗೋತೀನಿ. ಈ ವಾರ ಪೂರ್ತಿ ಐದು ಬಕೆಟ್ ಬೇಡ, ಒಂದೇ ಟ್ರೇಗೆ ಆಗೋಷ್ಟು ಕಲಸಿ, ರಾಗಿ ಹಾಕಿ ನೋಡಿ.